‘ನಾವೇ ಶುದ್ಧ ಮೂಲನಿವಾಸಿಗಳು’: ಡಿಎನ್‌ಎ ನಿಜಕ್ಕೂ ಹಾಗೆ ಹೇಳಿದೆಯೇ?

‘ಭಾರತಕ್ಕೆ ಹೊರಗಿನಿಂದ ಯಾರೂ ಬಂದಿಲ್ಲ, ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತು!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ‘ನಾವು ಮಾತ್ರ ಇಲ್ಲಿಯವರು, ಅವರು ಹೊರಗಿನವರು’ ಎನ್ನುವ ಸಂದೇಶವೂ ಹರಿದಾಡುತ್ತಿದೆ. ಎರಡೂ ವಿಜ್ಞಾನದ ಹೆಸರು ಹೇಳುತ್ತವೆ. ಎರಡೂ ತಪ್ಪು.

ಡಿಎನ್‌ಎಯಲ್ಲಿ ವಲಸೆಯ ಗುರುತು ಹೇಗೆ ಸಿಗುತ್ತದೆ?

ನೋಟ್ಸ್ ಬರೆಯುವಾಗ ಒಬ್ಬ ಹುಡುಗ ಒಂದು ಅಕ್ಷರ ತಪ್ಪು ಬರೆದ ಎನ್ನಿ. ಅವನನ್ನು ನೋಡಿ ಬರೆದವರೆಲ್ಲರ ಪುಸ್ತಕದಲ್ಲೂ ಅದೇ ತಪ್ಪು ಇರುತ್ತದೆ. ಯಾರು ಯಾರಿಂದ ಕಾಪಿ ಹೊಡೆದರೆಂದು ಮೇಷ್ಟ್ರಿಗೆ ಗೊತ್ತಾಗಿಬಿಡುತ್ತದೆ! ಡಿಎನ್‌ಎ ಕೂಡ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಸಣ್ಣ ಬದಲಾವಣೆಗಳಾಗುತ್ತವೆ, ಅವು ಮಕ್ಕಳು ಮೊಮ್ಮಕ್ಕಳಿಗೂ ಸಾಗುತ್ತವೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು 1987ರಲ್ಲಿ 147 ಜನರಲ್ಲಿ ಹೋಲಿಸಿದಾಗ, ಎಲ್ಲರ ತಾಯಿ ಬೇರು ಸುಮಾರು 2 ಲಕ್ಷ ವರ್ಷ ಹಿಂದಿನ ಆಫ್ರಿಕಾಕ್ಕೆ ಹೋಗಿ ಮುಟ್ಟಿತು.

ಭಾರತದ ಕಥೆ ಏನು?

ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪಾ ಕಾಲದ ಮಹಿಳೆಯ ಡಿಎನ್‌ಎ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಇರಲಿಲ್ಲ. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಆದರೆ ಇಂದಿನ ಬಹಳಷ್ಟು ಭಾರತೀಯರಲ್ಲಿ ಆ ಅಂಶ ಇದೆ. ಅಂದರೆ ಅವರು ನಂತರ ಬಂದರು. ಅದೇ ವರ್ಷದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ, ಸುಮಾರು 4,000ದಿಂದ 3,500 ವರ್ಷಗಳ ಹಿಂದೆ.

ಹಾಗಾದರೆ ಉಳಿದವರು ‘ಶುದ್ಧ’ರೇ? ಅದೂ ಅಲ್ಲ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2009 ಮತ್ತು 2013ರಲ್ಲಿ ನಡೆಸಿದ ಅಧ್ಯಯನಗಳಲ್ಲಿ, ದಕ್ಷಿಣದ ಆದಿವಾಸಿಗಳಿಂದ ಉತ್ತರದ ಮೇಲ್ಜಾತಿಗಳವರೆಗೆ ಬೆರಕೆಯೇ ಕಂಡಿತು. ಪ್ರಮಾಣ ಮಾತ್ರ ಬೇರೆ ಬೇರೆ. ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ನಡೆದಿದೆ. ಆಮೇಲೆ ಜಾತಿಯೊಳಗೇ ಮದುವೆಯಾಗುವ ಪದ್ಧತಿ ಬಿಗಿಯಾಯಿತು.

ಇದರಿಂದ ನಮಗೇನು?

ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದಾಗ ಕೆಲವು ಆನುವಂಶಿಕ ತೊಂದರೆಗಳು ಒಂದೇ ಸಮುದಾಯದಲ್ಲಿ ಹೆಚ್ಚುತ್ತವೆ. ಉದಾಹರಣೆಗೆ, ವೈಶ್ಯ ಸಮುದಾಯದ ಕೆಲವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಬೇಗ ಇಳಿಯುವುದಿಲ್ಲ, ಉಸಿರಾಟಕ್ಕೇ ತೊಂದರೆಯಾಗಬಹುದು. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಹೀಗಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ನಮ್ಮೆಲ್ಲರ ಪೂರ್ವಜರೂ ಒಂದಲ್ಲ ಒಂದು ಕಾಲದಲ್ಲಿ ನಡೆದು ಬಂದವರೇ, ಬೆರೆತವರೇ. ‘ಶುದ್ಧ’ ಎಂಬ ಪದ ಇರುವ ಸಂದೇಶ ಬಂದರೆ ಫಾರ್ವರ್ಡ್ ಒತ್ತುವ ಮುನ್ನ ಇದೊಂದು ನೆನಪಿರಲಿ.