ದಿನವಿಡೀ ನಿಲ್ಲುವ ಫೌಂಡೇಶನ್: ಮುಖಕ್ಕೆ ಹೊಂದಿದರೆ ಮಾತ್ರ ಮಾರಾಟದ ಸರಕು

ಬೀದರ ಮತ್ತು ಹುಮನಾಬಾದಗಳ ನಡುವಿನ ಹಳ್ಳಿಖೇಡ (ಬಿ)ಯಂತಹ ಪಟ್ಟಣಗಳಲ್ಲಿ ಬಳೆ ಅಂಗಡಿ, ಔಷಧ ಅಂಗಡಿ ಹಾಗೂ ಜನರಲ್ ಸ್ಟೋರ್‌ಗಳ ಸೌಂದರ್ಯವರ್ಧಕ ವ್ಯಾಪಾರವೆಂದರೆ ಬಹುಕಾಲ ಕುಂಕುಮ, ಕಾಡಿಗೆ, ಸ್ನೋ ಮತ್ತು ಪೌಡರ್‌ಗಳ ವ್ಯಾಪಾರವೇ ಆಗಿತ್ತು. ಈ ಸರಕುಗಳಿಗೆ ಒಂದು ಅನುಕೂಲವಿತ್ತು. ಒಂದೇ ಡಬ್ಬಿ ಮನೆಮಂದಿಗೆಲ್ಲ ನಡೆಯುತ್ತಿತ್ತು. ಯಾರ ಮುಖಕ್ಕೆ ಯಾವುದೆಂದು ವರ್ತಕನು ಕೇಳಬೇಕಾಗಿರಲಿಲ್ಲ. ಈಗ ಅದೇ ಕಪಾಟಿನಲ್ಲಿ ಸ್ಥಾನ ಪಡೆದಿರುವ ಫೌಂಡೇಶನ್ ಈ ಜಾತಿಯ ಸರಕಲ್ಲ. ಅದು ಪಾದರಕ್ಷೆಯಂತೆ ಅಳತೆ ನೋಡಿ ಕೊಡಬೇಕಾದದ್ದು. ಅಳತೆಯೂ ಎರಡು ಬಗೆಯದು: ಒಂದು ಚರ್ಮದ ಬಣ್ಣದ್ದು, ಇನ್ನೊಂದು ಚರ್ಮದ ಸ್ವಭಾವದ್ದು. ಎರಡರಲ್ಲಿ ಒಂದು ತಪ್ಪಿದರೂ ಮದುವೆಗೆಂದು ಕೊಂಡ ಸೀಸೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಖವನ್ನು ಬೂದಿ ಬಳಿದಂತೆ ಮಾಡುತ್ತದೆ, ಮೂಗಿನ ಬದಿಯಲ್ಲಿ ಗೆರೆಗೆರೆಯಾಗಿ ಒಡೆಯುತ್ತದೆ. ತೆರೆದ ಸೀಸೆಯನ್ನು ಅಂಗಡಿಯು ಹಿಂದಕ್ಕೆ ಪಡೆಯಲಾರದು. ಸಣ್ಣ ಊರಿನಲ್ಲಿ ಮಾತು ಮಾತ್ರ ಬೇಗ ಹರಡುತ್ತದೆ.

ನಷ್ಟದ ಲೆಕ್ಕವನ್ನು ಹೀಗೆ ಹಾಕಿ ನೋಡಬಹುದು. ಒಬ್ಬ ವರ್ತಕನು ಒಂದು ಮಾಲೆಯ 6 ಛಾಯೆಗಳನ್ನು ತಲಾ 4 ಸೀಸೆಯಂತೆ, ಸೀಸೆಗೆ 300 ರೂಪಾಯಿ ದರದಲ್ಲಿ ತರಿಸಿದನೆಂದಿಟ್ಟುಕೊಳ್ಳೋಣ. ಹೂಡಿದ ಹಣ 7,200 ರೂಪಾಯಿ. ಸೀಸೆಯೊಂದಕ್ಕೆ 60 ರೂಪಾಯಿ ಲಾಭ. ಇವುಗಳಲ್ಲಿ ಅತ್ಯಂತ ತಿಳಿಯಾದ ಎರಡು ಛಾಯೆಗಳ 8 ಸೀಸೆಗಳು ಮಾರಾಟವಾಗದೆ ಅವಧಿ ಮೀರಿದರೆ 2,400 ರೂಪಾಯಿ ಹೋಯಿತು. ಉಳಿದ 16 ಸೀಸೆಗಳಿಂದ ಬಂದ ಲಾಭ 960 ರೂಪಾಯಿ. ಸರಕಿನ ಮೂರರಲ್ಲಿ ಎರಡು ಪಾಲು ಮಾರಾಟವಾದ ಮೇಲೂ ವರ್ತಕನಿಗೆ 1,440 ರೂಪಾಯಿ ನಷ್ಟವೇ. ಪೌಡರ್ ಡಬ್ಬಿಯ ವ್ಯಾಪಾರದಲ್ಲಿ ಕಾಣದ ಈ ಅಪಾಯವು ಛಾಯೆಯ ಆಯ್ಕೆಯೊಂದರಿಂದಲೇ ಬರುವಂಥದು.

ಸೀಸೆಯೊಳಗಿನ ಪದಾರ್ಥ

ಫೌಂಡೇಶನ್ ಎಂಬುದು ನೀರು, ಎಣ್ಣೆ ಅಥವಾ ಸಿಲಿಕೋನ್ ದ್ರವದಲ್ಲಿ ವರ್ಣದ್ರವ್ಯದ ನುಣುಪಾದ ಹುಡಿಯನ್ನು ಹರಡಿಟ್ಟ ಮಿಶ್ರಣ. ಅಂಗಡಿಯಲ್ಲಿ ಕಾಣುವ ಹತ್ತಾರು ಛಾಯೆಗಳೆಲ್ಲ ಬಹುಮಟ್ಟಿಗೆ ನಾಲ್ಕೇ ಬಣ್ಣಗಳ ಹೆಚ್ಚುಕಡಿಮೆಯಿಂದ ಆದವು: ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಮತ್ತು ಹಳದಿ, ಕೆಂಪು, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡ್‌ಗಳು. ಬೀದರ ಪ್ರಸ್ಥಭೂಮಿಯ ಜಂಬಿಟ್ಟಿಗೆ ಕಲ್ಲಿಗೆ ಕೆಂಪು ಬಂದಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಸೌಂದರ್ಯವರ್ಧಕಗಳಿಗೆ ಮಾತ್ರ ಶುದ್ಧತೆಯ ದೃಷ್ಟಿಯಿಂದ ಕೃತಕವಾಗಿ ತಯಾರಿಸಿದ್ದನ್ನು ಬಳಸುತ್ತಾರೆ. ಹಿಂದೆ ರಂಗಭೂಮಿಯ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ಬಳಸುತ್ತಿದ್ದರು. ಮೊದಲನೆಯದು ಆರ್ಸೆನಿಕ್ಕಿನ ಸಲ್ಫೈಡ್, ಎರಡನೆಯದು ಪಾದರಸದ ಸಲ್ಫೈಡ್. ಇಂದಿನ ಸೌಂದರ್ಯವರ್ಧಕ ಕಾನೂನು ಕಟ್ಟುನಿಟ್ಟಾಗಿ ತಡೆಯುವ ಪದಾರ್ಥಗಳಲ್ಲಿ ಇವೆರಡೂ ಸೇರಿವೆ. ನಾಟಕ ಕಂಪನಿಗಳಲ್ಲಿ ಪ್ರಸಿದ್ಧವಾದ ಪ್ಯಾನ್‌ಕೇಕ್ ಅಮೆರಿಕದ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆಯು 1930ರ ದಶಕದ ಕೊನೆಯಲ್ಲಿ ಬಣ್ಣದ ಚಲನಚಿತ್ರಗಳಿಗಾಗಿ ಹೊರತಂದ ಸರಕು.

ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿದಷ್ಟೂ ಛಾಯೆ ತಿಳಿಯಾಗುತ್ತದೆ. ಗೋಧಿ ಬಣ್ಣದ ಅಥವಾ ಎಣ್ಣೆಗಪ್ಪು ಚರ್ಮದ ಮೇಲೆ ಇದನ್ನು ಹಚ್ಚಿದರೆ ಚರ್ಮ ಬೆಳ್ಳಗಾಗುವುದಿಲ್ಲ. ಕೆಳಗಿನ ಕಂದು ಬಣ್ಣವೂ ಮೇಲಿನ ಬಿಳುಪೂ ಕೂಡಿ ಬೂದು ಬಣ್ಣ ಕಾಣಿಸುತ್ತದೆ. ಗ್ರಾಹಕರು ಬಹಳವಾಗಿ ದೂರುವ ಬೂದಿಯ ಛಾಯೆಗೆ ಸರಕಿನ ಕಳಪೆ ಗುಣಮಟ್ಟವೇ ಕಾರಣವೆಂದು ಭಾವಿಸುವುದು ಸರಿಯಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಚರ್ಮಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದ ಛಾಯೆಯನ್ನು ಕೊಂಡುದರ ಫಲ.

ದಿನವಿಡೀ ನಿಲ್ಲುವ ಬಗೆಯ ಫೌಂಡೇಶನ್ನಿನ ಗುಟ್ಟು ಬಣ್ಣದ ಅಂಗಡಿಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಗೋಡೆಗೆ ಬಳಿದ ಪೇಂಟಿನಲ್ಲಿ ದ್ರಾವಕ ಆರಿಹೋಗಿ ಪೊರೆ ಉಳಿಯುವಂತೆ, ಇದರಲ್ಲಿಯೂ ಐಸೋಡೋಡೆಕೇನ್ ಅಥವಾ ಸೈಕ್ಲೋಪೆಂಟಾಸಿಲಾಕ್ಸೇನ್‌ನಂತಹ ಆವಿಯಾಗುವ ದ್ರವಗಳು ಕೆಲವು ನಿಮಿಷಗಳಲ್ಲಿ ಆರಿಹೋಗುತ್ತವೆ. ಸಿಲಿಕೋನ್ ರಾಳದ ತೆಳುವಾದ ಪೊರೆಯು ಬಣ್ಣವನ್ನು ಹಿಡಿದುಕೊಂಡು ಚರ್ಮದ ಮೇಲೆ ನಿಲ್ಲುತ್ತದೆ. ಈ ಪೊರೆಯನ್ನು ಬೆವರಿನ ನೀರು ಸುಲಭವಾಗಿ ಕರಗಿಸದು. ಚರ್ಮದಿಂದ ಸ್ರವಿಸುವ ಜಿಡ್ಡು ಮಾತ್ರ ಅದನ್ನು ಮೆತ್ತಗೆ ಮಾಡುತ್ತದೆ. ಒಣಚರ್ಮದ ಮೇಲಾದರೆ ಪೊರೆಯು ಬಿರುಕು ಬಿಡುತ್ತದೆ. ಡಬ್ಬಿಯ ಮೇಲೆ 16 ಗಂಟೆ, 24 ಗಂಟೆ ಎಂದು ಮುದ್ರಿಸಿರುವುದನ್ನು ತಯಾರಕರ ಪರೀಕ್ಷೆಯ ಸನ್ನಿವೇಶದ ಮಾತೆಂದು ತಿಳಿಯಬೇಕೇ ಹೊರತು, ಮೇ ತಿಂಗಳ ಹುಮನಾಬಾದಿನ ಮದುವೆ ಚಪ್ಪರದ ಮಾತೆಂದಲ್ಲ.

ಛಾಯೆ ಮತ್ತು ಒಳಛಾಯೆ

ಛಾಯೆಯೆಂದರೆ ಚರ್ಮ ಎಷ್ಟು ತಿಳಿ, ಎಷ್ಟು ಗಾಢ ಎಂಬುದು. ಅದರ ಕೆಳಗೆ ಹಳದಿ, ಕೆಂಪು ಅಥವಾ ಎರಡೂ ಸಮನಾದ ಒಂದು ಒಳಛಾಯೆ ಇರುತ್ತದೆ. ಇಬ್ಬರು ಅಕ್ಕತಂಗಿಯರ ಬಣ್ಣ ಮೇಲುನೋಟಕ್ಕೆ ಒಂದೇ ಆಗಿದ್ದರೂ ಒಬ್ಬಳಿಗೆ ಹೊಂದಿದ ಸೀಸೆ ಇನ್ನೊಬ್ಬಳಿಗೆ ಹೊಂದದಿರುವುದು ಇದರಿಂದಲೇ. ಮಣಿಕಟ್ಟಿನ ನರ ಹಸಿರಾಗಿ ಕಂಡರೆ ಹಳದಿ ಒಳಛಾಯೆ, ನೀಲಿಯಾಗಿ ಕಂಡರೆ ಕೆಂಪು ಒಳಛಾಯೆ ಎಂಬ ಸೂತ್ರ ಪ್ರಚಾರದಲ್ಲಿದೆ. ಗಾಢವಾದ ಚರ್ಮದಲ್ಲಿ ನರವೇ ಸ್ಪಷ್ಟವಾಗಿ ಕಾಣದಿರುವುದರಿಂದ ಈ ಸೂತ್ರವನ್ನು ನೆಚ್ಚಿ ಸರಕು ಕೊಡುವುದು ಉಚಿತವಲ್ಲ. ಒಂದೇ ಗಾಢತೆಯ ಎರಡು ಛಾಯೆಗಳನ್ನು, ಒಂದು ಹಳದಿಯತ್ತ ಮತ್ತೊಂದು ಕೆಂಪಿನತ್ತ ಇರುವಂಥವನ್ನು, ಪಕ್ಕಪಕ್ಕದಲ್ಲಿ ಹಚ್ಚಿ ನೋಡುವುದೇ ನಂಬಲರ್ಹ ಮಾರ್ಗ.

ಛಾಯೆಗಳ ಹೆಸರುಗಳು ವರ್ತಕನಿಗೆ ಹೆಚ್ಚಿನ ಸಹಾಯ ಮಾಡುವುದಿಲ್ಲ. 1952ರಲ್ಲಿ ಟಾಟಾ ಸಮೂಹ ಆರಂಭಿಸಿದ ಲ್ಯಾಕ್ಮೆಯ ಹಳೆಯ ದ್ರವ ಫೌಂಡೇಶನ್ನಿನಲ್ಲಿ ಮಾರ್ಬಲ್, ಪರ್ಲ್, ಶೆಲ್, ಕೋರಲ್ ಎಂಬ ಹೆಸರುಗಳಿದ್ದವು. ಅಮೃತಶಿಲೆ, ಮುತ್ತು, ಚಿಪ್ಪು, ಹವಳಗಳಲ್ಲಿ ಬೀದರ ಸೀಮೆಯ ಯಾವ ಮುಖದ ಬಣ್ಣವಿದೆಯೆಂದು ಹೇಳುವುದು ಕಷ್ಟ. ಸಂಖ್ಯೆ ನೀಡುವ ಮಾಲೆಗಳು ಇದಕ್ಕಿಂತ ಅನುಕೂಲ. ಮೇಬೆಲಿನ್ ಸಂಸ್ಥೆಯ ‘ಫಿಟ್ ಮಿ’ ಮಾಲೆಯಲ್ಲಿ 115, 128, 220, 310, 330 ಎಂದು ಸಂಖ್ಯೆ ಏರಿದಂತೆ ಛಾಯೆ ಗಾಢವಾಗುತ್ತದೆ. ಅದರಲ್ಲಿಯೇ ಜಿಡ್ಡು ಚರ್ಮಕ್ಕೆ ಹೊಳಪಿಲ್ಲದ ಮ್ಯಾಟ್ ಬಗೆ, ಒಣಚರ್ಮಕ್ಕೆ ಸ್ನಿಗ್ಧವಾದ ಡ್ಯೂಯಿ ಬಗೆ ಎಂದು ಎರಡು ವಿಧಗಳನ್ನು ಮಾಡಲಾಗಿದೆ. ಒಂದು ಸಂಸ್ಥೆಯ ಸಂಖ್ಯೆ ಇನ್ನೊಂದು ಸಂಸ್ಥೆಯ ಸಂಖ್ಯೆಗೆ ಹೊಂದದೆಂಬುದನ್ನು ಮಾತ್ರ ಮರೆಯಬಾರದು.

ತಿಳಿಛಾಯೆಯ ಮೋಹ ಗ್ರಾಹಕರದಷ್ಟೇ ವ್ಯಾಪಾರಿಗಳದೂ ಹೌದು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಅದಕ್ಕೆ ಮೂರು ವರ್ಷ ಮೊದಲು, 2017ರಲ್ಲಿ, ಅಮೆರಿಕದಲ್ಲಿ ಫೆಂಟಿ ಬ್ಯೂಟಿ ಎಂಬ ಹೊಸ ಸಂಸ್ಥೆ ಮೊದಲ ದಿನವೇ 40 ಛಾಯೆಗಳ ಫೌಂಡೇಶನ್ ಮಾರಾಟಕ್ಕಿಟ್ಟು, ಗಾಢ ಚರ್ಮದವರೂ ದೊಡ್ಡ ಗ್ರಾಹಕವರ್ಗವೆಂದು ತೋರಿಸಿತು. ಸಣ್ಣ ಪಟ್ಟಣದ ಅಂಗಡಿ 40 ಛಾಯೆ ಇಡಲಾರದು, ಇಡಬೇಕಾಗಿಯೂ ಇಲ್ಲ. ಹೆಚ್ಚಿನ ಗ್ರಾಹಕರು ಬರುವ ಮಧ್ಯಮ ಮತ್ತು ಮಧ್ಯಮಕ್ಕಿಂತ ಗಾಢವಾದ ಮೂರು ನಾಲ್ಕು ಛಾಯೆಗಳನ್ನು ಹೆಚ್ಚು ಸಂಖ್ಯೆಯಲ್ಲಿಯೂ, ಅತಿ ತಿಳಿಯಾದ ಒಂದನ್ನು ಒಂದೋ ಎರಡೋ ಸೀಸೆಯಾಗಿಯೂ ಇಡುವುದು ಸರಿಯಾದ ದಾಸ್ತಾನು. ವಿತರಕರ ಪ್ರತಿನಿಧಿಗಳು ಎಲ್ಲ ಛಾಯೆಗಳನ್ನೂ ಸಮಸಂಖ್ಯೆಯಲ್ಲಿ ತುಂಬಿಸಲು ಬಂದಾಗ ನಿರಾಕರಿಸುವುದೇ ಲೇಸು.

ಬಿಸಿಲು, ಧೂಳು, ಬೆವರು

ಈ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವುದುಂಟು. ಆದರೆ ಗಾಳಿ ಒಣ. ಮಂಗಳೂರಿನಲ್ಲಿ ಬೆವರು ಆರದೆ ಮುಖದ ಮೇಲೆಯೇ ನಿಂತು ಬಣ್ಣವನ್ನು ಜಾರಿಸುತ್ತದೆ. ಇಲ್ಲಿ ಬೆವರು ಬೇಗ ಆರಿ, ಜಿಡ್ಡಿಗೆ ಧೂಳು ಅಂಟಿ, ಸೆರಗಿನಿಂದ ಒರೆಸಿಕೊಂಡ ಕಡೆ ಬಣ್ಣ ಕಿತ್ತುಬರುತ್ತದೆ. ಚಳಿಗಾಲದಲ್ಲಿ ಅದೇ ಮುಖ ಒಣಗಿ ಹೊಟ್ಟೇಳುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಹೊಂದಿದ ಮ್ಯಾಟ್ ಸರಕು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಜನವರಿಯಲ್ಲಿ ಅದೇ ಗ್ರಾಹಕಳಿಗೆ ಹೊಂದದಿರಬಹುದು.

ಚರ್ಮದ ಸ್ವಭಾವವನ್ನು ತಿಳಿಯುವುದು ಕಷ್ಟವಲ್ಲ. ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ತೆಳುವಾದ ಕಾಗದವನ್ನು ಹಣೆ, ಮೂಗು, ಕೆನ್ನೆಗಳ ಮೇಲೆ ಒತ್ತಬೇಕು. ಎಲ್ಲೆಡೆ ಜಿಡ್ಡು ಮೂಡಿದರೆ ಜಿಡ್ಡು ಚರ್ಮ. ಹಣೆ ಮೂಗುಗಳಲ್ಲಿ ಮಾತ್ರ ಮೂಡಿದರೆ ಮಿಶ್ರ ಚರ್ಮ. ಎಲ್ಲಿಯೂ ಮೂಡದೆ ಮುಖ ಬಿಗಿದಂತಾದರೆ ಒಣಚರ್ಮ. ಮಿಶ್ರ ಚರ್ಮದವರು ಮ್ಯಾಟ್ ಬಗೆಯನ್ನು ಕೊಂಡು ಕೆನ್ನೆಗೆ ಮೊದಲು ತೇವಾಂಶ ನೀಡುವ ಕ್ರೀಮನ್ನು ಹಚ್ಚಿದರೆ ಸಾಕು. ಕ್ರೀಂ ಹೀರಿಕೊಳ್ಳಲು ಐದು ಹತ್ತು ನಿಮಿಷ ಬಿಡದೆ ಮೇಲಿಂದ ಮೇಲೆ ಹಚ್ಚಿದರೆ ಪೊರೆಯು ಹಿಡಿಯುವುದೇ ಇಲ್ಲ. ದಪ್ಪವಾಗಿ ಬಳಿದದ್ದು ಹೆಚ್ಚು ಹೊತ್ತು ನಿಲ್ಲುತ್ತದೆಂಬುದು ತಪ್ಪು ತಿಳಿವಳಿಕೆ. ತೆಳುವಾದ ಎರಡು ಪದರ, ಅದರ ಮೇಲೆ ಹಣೆ ಮೂಗಿಗೆ ಮಾತ್ರ ಸ್ವಲ್ಪ ಪೌಡರ್, ಇಷ್ಟು ಹೆಚ್ಚು ಬಾಳುತ್ತದೆ. ಬೆವರನ್ನು ಒರೆಸದೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಬಾಳಿಕೆಯ ಸರಕನ್ನು ರಾತ್ರಿ ಬರಿಯ ನೀರಿನಿಂದ ತೆಗೆಯಲಾಗದೆಂಬುದನ್ನೂ, ಅದಕ್ಕೆ ಎಣ್ಣೆಯುಕ್ತ ಶುದ್ಧಿಕಾರಕ ಬೇಕೆಂಬುದನ್ನೂ ಮಾರುವಾಗಲೇ ಹೇಳುವುದು ಒಳ್ಳೆಯದು.

ಪರೀಕ್ಷೆಗೆ ಮುಂಗೈ ಸೂಕ್ತ ಸ್ಥಳವಲ್ಲ, ಮುಖಕ್ಕೂ ಕೈಗೂ ಬಣ್ಣ ಬೇರೆ. ಹೊಸ ಹತ್ತಿಯ ಕಡ್ಡಿಯಿಂದ ದವಡೆಯ ಅಂಚಿಗೆ, ಮುಖ ಮತ್ತು ಕುತ್ತಿಗೆ ಕೂಡುವಲ್ಲಿ, ಎರಡು ಮೂರು ಛಾಯೆಗಳ ಗೆರೆ ಎಳೆದು, ಟ್ಯೂಬ್‌ಲೈಟಿನ ಕೆಳಗಲ್ಲದೆ ಅಂಗಡಿಯ ಹೊರಗಿನ ನೆರಳಿನಲ್ಲಿ ಕನ್ನಡಿ ಹಿಡಿದು ನೋಡಬೇಕು. ಯಾವ ಗೆರೆ ಕಾಣದಂತಾಗುವುದೋ ಅದೇ ಆಕೆಯ ಛಾಯೆ. ಆದರೆ ಆ ಕ್ಷಣವೇ ತೀರ್ಮಾನಿಸಬಾರದು. ದ್ರವ ಆರಿ, ಚರ್ಮದ ಜಿಡ್ಡು ಕೂಡಿದಾಗ ಕೆಲವು ಸರಕುಗಳ ಬಣ್ಣ ಅರ್ಧ ಗಂಟೆಯಲ್ಲಿ ಗಾಢವಾಗುತ್ತದೆ. ಅಷ್ಟರಲ್ಲಿ ಬಳೆ ತೊಡಿಸುವ ಕೆಲಸ ಹೇಗೂ ಮುಗಿದಿರುತ್ತದೆ. ಅಲರ್ಜಿ ಇರುವವರು ಕಿವಿಯ ಹಿಂದೆ ಹಚ್ಚಿ ಒಂದೆರಡು ದಿನ ಕಾಯಬೇಕಾಗುವುದರಿಂದ ಮದುವೆಯ ಹಿಂದಿನ ದಿನ ಕೊಳ್ಳುವುದು ಅಪಾಯಕರ. ಪ್ರತಿ ಛಾಯೆಯ ಒಂದು ಸೀಸೆಯನ್ನು ಮಾದರಿಗಾಗಿ ತೆರೆದಿಡುವುದನ್ನು ವರ್ತಕರು ವ್ಯರ್ಥ ಖರ್ಚೆಂದು ಎಣಿಸುವುದುಂಟು. ಮೇಲೆ ಹೇಳಿದ ಲೆಕ್ಕದಲ್ಲಿ ಆರು ಮಾದರಿ ಸೀಸೆಗಳ ಬೆಲೆ 1,800 ರೂಪಾಯಿ. ಉಳಿದುಹೋದ ಎಂಟು ಸೀಸೆಗಳ ಬೆಲೆಗಿಂತ ಅದು ಕಡಿಮೆ, ಮತ್ತು ಅವು ಒಂದು ಹಂಗಾಮು ಪೂರ್ತಿ ಬರುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಕಪಾಟಿನಲ್ಲಿ ಮಾತ್ರ ಇವನ್ನು ಇಡಬಾರದು. ಬಿಸಿಲಿಗೆ ನೀರು ಮತ್ತು ಎಣ್ಣೆ ಬೇರ್ಪಟ್ಟು ಸರಕು ಕೆಡುತ್ತದೆ.

ಬಿಲ್ಲು ಮತ್ತು ಪರವಾನಗಿ

ಸೌಂದರ್ಯವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಔಷಧಗಳಂತೆ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿಯಿಲ್ಲದೆ ತಯಾರಾದ ಅಥವಾ ನಕಲಿ ಸರಕನ್ನು ಮಾರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯಡಿ ಅಪರಾಧ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಹಾಗೂ ಘಟಕಗಳ ಪಟ್ಟಿ ಇರಬೇಕು. ಹೈದರಾಬಾದಿನ ಬೇಗಂ ಬಜಾರಿನಿಂದ ತರಲಿ, ಬೀದರದ ವಿತರಕರಿಂದ ತರಲಿ, ಬಿಲ್ಲಿಲ್ಲದೆ ತಂದ ಸರಕಿನಲ್ಲಿ ಎರಡು ನಷ್ಟಗಳಿವೆ. ಮೊದಲನೆಯದು, ಕಟ್ಟಿದ ಜಿಎಸ್‌ಟಿಯ ಹೂಡುವಳಿ ಜಮೆ ದೊರೆಯದು. 2025ರ ಸೆಪ್ಟೆಂಬರ್ 22ರಿಂದ ಮುಖದ ಪೌಡರಿನ ತೆರಿಗೆ ಶೇ. 5ಕ್ಕೆ ಇಳಿದರೂ ಫೌಂಡೇಶನ್ ಶೇ. 18ರಲ್ಲಿಯೇ ಉಳಿಯಿತು. ಎರಡನೆಯದು ಇನ್ನೂ ಗಂಭೀರ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ, ಹಾನಿ ಮಾಡಿದ ಸರಕಿನ ತಯಾರಕರು ಯಾರೆಂದು ತಿಳಿಯದಿದ್ದರೆ ಹೊಣೆಯು ಮಾರಿದವನ ಮೇಲೆಯೇ ಬರಬಹುದು.

ಈ ಎಚ್ಚರಿಕೆ ಬಿಳುಪು ಕ್ರೀಂಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕಣ್ಣಿನ ಸುತ್ತ ಬಳಸುವವನ್ನು ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸವೂ ದಶಲಕ್ಷಕ್ಕೆ ಒಂದು ಭಾಗವನ್ನು ಮೀರಬಾರದೆಂದು 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಂ ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದುದನ್ನು ವೈದ್ಯರು 2023ರಲ್ಲಿ ಪ್ರಕಟಿಸಿದರು. ವಿಳಾಸವಿಲ್ಲದ ಡಬ್ಬಿಯ ಕ್ರೀಮನ್ನು ಫೌಂಡೇಶನ್ನಿನೊಡನೆ ಬೆರೆಸಿ ಹಚ್ಚಿರೆಂದು ಸಲಹೆ ಕೊಡುವುದನ್ನು ಅಂಗಡಿಯವರು ಖಂಡಿತವಾಗಿ ಬಿಡಬೇಕು.

ಹುಮನಾಬಾದ ಮತ್ತು ಬೀದರದ ಕೊಳಾರ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ, ಔಷಧ ಘಟಕಗಳಿರುವುದರಿಂದ ಈ ಸರಕನ್ನು ಇಲ್ಲಿಯೇ ಏಕೆ ತಯಾರಿಸಬಾರದೆಂಬ ಪ್ರಶ್ನೆ ಸಣ್ಣ ಉದ್ಯಮಿಗಳಲ್ಲಿ ಏಳುವುದು ಸಹಜ. ತಯಾರಿಕೆಯ ಪರವಾನಗಿಗೆ ಸಿಓಎಸ್-5 ನಮೂನೆಯಲ್ಲಿ ರಾಜ್ಯದ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಸ್ವಂತ ಕಾರ್ಖಾನೆಯಿಲ್ಲದವರು ಪರವಾನಗಿ ಪಡೆದ ಬೇರೊಂದು ಘಟಕದಲ್ಲಿ ತಯಾರಿಸುವ ಲೋನ್ ಲೈಸೆನ್ಸಿಗೆ ಸಿಓಎಸ್-6ರಲ್ಲಿ ಸಲ್ಲಿಸಬೇಕು. ಬಣ್ಣಗಳು ಭಾರತೀಯ ಮಾನಕ ಬ್ಯೂರೋದ ಐಎಸ್ 4707ರ ಪಟ್ಟಿಯೊಳಗಿನವೇ ಆಗಿರಬೇಕು. ಬಾಳಿಕೆಯ ದ್ರವ ಫೌಂಡೇಶನ್ನಿನಲ್ಲಿ ಪ್ರತಿ ಬ್ಯಾಚಿನಲ್ಲಿಯೂ ಒಂದೇ ಛಾಯೆ ತರುವುದು ಅನುಭವಿ ಘಟಕಗಳಿಗೂ ಸುಲಭವಲ್ಲ. ಮುಖದ ಪೌಡರಿನಿಂದ ತೊಡಗಿ, ಈ ಸೀಮೆಯ ಚರ್ಮಕ್ಕೆ ಹೊಂದುವ ಮೂರು ಛಾಯೆಗಳನ್ನು ಮೊದಲು ಅದರಲ್ಲಿ ಸಾಧಿಸುವವರಿಗೆ ಬಂಡವಾಳವೂ ಕಡಿಮೆ ಸಾಕು, ತೆರಿಗೆಯೂ ಕಡಿಮೆ.