ಲಘು ಕಾದಂಬರಿಯೂ ಗುರು ವಾಚಕರೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಾಲ್ವರು ಓದುಗರು ಕಲೆತೆಡೆ ಯಾವುದಾದರೊಂದು ಲಘು ಪ್ರಣಯ ಕಾದಂಬರಿಯ ಮಾತನ್ನೆತ್ತಿ ನೋಡಿರಿ. ನಾಲ್ಕು ತೀರ್ಪುಗಳು ಹೊರಡುವುವು. ನಿವೃತ್ತ ಉಪಾಧ್ಯಾಯರು, ಇದು ತರುಣರ ತಲೆ ಕೆಡಿಸುವ ಸರಕೆನ್ನುವರು. ತಾಲ್ಲೂಕು ಕಚೇರಿಯ ಗುಮಾಸ್ತರು, ಹಗಲೆಲ್ಲ ಕಡತಗಳೊಡನೆ ಹೆಣಗಿದವನು ರಾತ್ರಿ ಒಂದು ಗಳಿಗೆ ನಗುವುದಕ್ಕೂ ಅಪ್ಪಣೆ ಬೇಡಬೇಕೆ ಎನ್ನುವರು. ಎಣ್ಣೆಯ ಗಿರಣಿಯ ವರ್ತಕರು, ಓದಿದೆ, ನಕ್ಕೆ, ಮರೆತೆನೆಂದು ಕೈ ತೊಳೆದುಕೊಳ್ಳುವರು. ಕಾಲೇಜಿಗೆ ಹೋಗುವ ಹುಡುಗಿಯು ಮಾತ್ರ, ಅಷ್ಟು ಚೆನ್ನಾಗಿ ಮಾತನಾಡುವ ನಾಯಕಿಯು ಮದುವೆಯ ಪ್ರಸ್ತಾಪ ಬಂದೊಡನೆ ಮೂಕಿಯಾಗುವುದೇಕೆಂದು ಕೇಳುವಳು. ನಾಲ್ವರಲ್ಲಿ ಪುಸ್ತಕವನ್ನು ನಿಜವಾಗಿ ಓದಿದವಳು ಅವಳೇ ಎಂದು ನಮಗೆ ತೋರುತ್ತದೆ.

ಇದು ಹೊತ್ತು ಕಳೆಯುವ ಹರಟೆಯೆಂದು ವಾಚಕ ಮಹಾಶಯರು ಭಾವಿಸಬಾರದು. 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ತರುವಾಯ ನಾಡಿನ ಗ್ರಂಥಾಲಯಗಳಿಗೆ ಪೌರರು ಕರ ತೆರುತ್ತಿರುವರು. ಕರ ತೆತ್ತವನ ಕೈಗೆ ಎಂಥ ಪುಸ್ತಕವನ್ನಿಡಬೇಕೆಂಬುದು ಆದಕಾರಣ ಸಾರ್ವಜನಿಕ ಪ್ರಶ್ನೆಯೇ ಸರಿ. ಉಪಾಧ್ಯಾಯರ ಮಾತೇ ನಡೆದರೆ ಕಪಾಟುಗಳಲ್ಲಿ ಉಪದೇಶವೊಂದೇ ಉಳಿದೀತು. ಓದುವವರು ಉಳಿಯುವರೆಂಬ ಭರವಸೆ ನಮಗಿಲ್ಲ.

ಉಪದೇಶಕ್ಕೆ ಈ ಸೀಮೆಯಲ್ಲಿ ಕೊರತೆಯೆಂದೂ ಇದ್ದುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳು, ಪ್ರಾಣಿಗಳಲ್ಲಿ ದಯೆಯಿರಿಸು, ಸತ್ಯವನ್ನು ನುಡಿ, ಗುರುವನ್ನು ಗೌರವಿಸು ಎಂಬುದೇ ಅವುಗಳ ಸಾರ. ಆದರೆ ಕೊನೆಯಲ್ಲೊಂದು ವಿನೋದವಿದೆ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬ ಲಿಪಿಕಾರನು, ತನ್ನ ಹೆಸರಿನ ಮುಂದೆ ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿರುವನು. ಚಕ್ರವರ್ತಿಯ ಆಜ್ಞೆಯ ಅಡಿಯಲ್ಲಿಯೇ ಲೇಖಕನೊಬ್ಬನ ಪುಟ್ಟ ಹುಡುಗಾಟ! ಧರ್ಮಕ್ಕೆ ಅದರಿಂದೇನೂ ಕುಂದು ಬರಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಕಡೆಗೆ ತಿರುಗಿದರೂ ಇದೇ ಪಾಠ ದೊರೆಯುವುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಆ ಊರಿನ ಮನೆತನದವರು. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದುದು ಅವರಿಗೇ. ಅದೇ ಮನೆತನದ ತ. ರಾ. ಸುಬ್ಬರಾಯರು ಕಾದಂಬರಿಗಳನ್ನು ಬರೆದರು. ಅವರ 'ನಾಗರಹಾವು' ಬರಿಯ ಲಘು ಕೃತಿಯಲ್ಲವೆಂಬುದು ನಿಜ. ಆದರೂ ಹುಡುಗರ ಪುಂಡಾಟ, ಪ್ರಣಯ, ಮುನಿಸುಗಳಿಂದಲೇ ಅದು ಜನಪ್ರಿಯವಾಯಿತು. ರಾಮಾಚಾರಿಯ ಪುಂಡತನವನ್ನು ಕಂಡು ಬೇಸತ್ತವರುಂಟು, ಅವನಲ್ಲಿ ತಮ್ಮನ್ನೇ ಕಂಡವರೂ ಉಂಟು. 1972ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಇನ್ನೆರಡು ಕಾದಂಬರಿಗಳೊಡನೆ ಬೆಸೆದು ಚಲನಚಿತ್ರವಾಗಿಸಿದಾಗ ಜನ ಮುಗಿಬಿದ್ದು ನೋಡಿದರು. ಕರ್ತೃವು ಮಾತ್ರ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಕೊರಗಿದರೆಂಬ ಮಾತು ಪ್ರಸಿದ್ಧವಾಗಿದೆ. ಬರೆದವನಿಗೂ ಮೆಚ್ಚಿದವರಿಗೂ ಒಮ್ಮತವಿಲ್ಲದಿರುವಾಗ ಓದುಗರೆಲ್ಲರೂ ಏಕಕಂಠದಿಂದ ನುಡಿಯಬೇಕೆಂಬುದು ಯಾವ ನ್ಯಾಯ? ಅದೇ ಲೇಖನಿಯು ಚಿತ್ರದುರ್ಗದ ಪತನವನ್ನು ಕುರಿತ 'ದುರ್ಗಾಸ್ತಮಾನ'ವನ್ನೂ ಕೊಟ್ಟಿತು. ಸುಬ್ಬರಾಯರು 1984ರಲ್ಲಿ ತೀರಿಕೊಂಡ ಬಳಿಕ, 1985ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ರಾಮಾಚಾರಿಯ ಕೈಹಿಡಿದು ಬಂದ ಓದುಗನು ಮದಕರಿನಾಯಕನ ಬಾಗಿಲಿಗೆ ತಲುಪಲಾರನೆಂದು ಯಾರು ಹೇಳಬಲ್ಲರು?

ಗಡಿಸೀಮೆಗೆ ಈ ವಿಚಾರ ಇನ್ನೂ ಹತ್ತಿರವಾದುದು. ಮೊಳಕಾಲ್ಮೂರಿಗೆ ಅಂಟಿಕೊಂಡಿರುವ ರಾಯದುರ್ಗವು 1953ರಲ್ಲಿ ಆಂಧ್ರಕ್ಕೆ ಸೇರಿತು. ಗಡಿಯ ಈಚೆಗೂ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಕುಟುಂಬಗಳು ಬಹಳ. ಇಂಥವರು ಕನ್ನಡವನ್ನು ಪರೀಕ್ಷೆಗಾಗಿ ಓದುವುದು ಒಂದು ಬಗೆ, ರಾತ್ರಿ ದೀಪವಾರಿಸಲು ಮನಸ್ಸಿಲ್ಲದೆ ಓದುವುದು ಇನ್ನೊಂದು ಬಗೆ. ಎರಡನೆಯದನ್ನು ಮಾಡಿಸುವ ಶಕ್ತಿ ಕಥೆಗುಂಟು, ವ್ಯಾಕರಣಕ್ಕಿಲ್ಲ. ಬಳ್ಳಾರಿ ಸೀಮೆಯ ಬೀಚಿಯವರ ಉದಾಹರಣೆಯೇ ಸಾಕು: ಕನ್ನಡ ಪುಸ್ತಕಗಳೆಂದರೆ ತಾತ್ಸಾರವಿದ್ದ ಅವರನ್ನು ಅ. ನ. ಕೃಷ್ಣರಾಯರ 'ಸಂಧ್ಯಾರಾಗ'ವು ಕನ್ನಡಕ್ಕೆ ಎಳೆತಂದಿತು. ಆ ಕೃತಿ ಗಂಭೀರವಾದುದು, ದಿಟ. ಆದರೆ ಅವರನ್ನು ಗೆದ್ದುದು ಪಂಡಿತ ಗ್ರಂಥವಲ್ಲ, ಕಾದಂಬರಿ.

ಹಾಗೆಂದು ಅಚ್ಚಾದುದೆಲ್ಲವೂ ಮಾನ್ಯವೆಂದು ನಾವು ಹೇಳುವುದಿಲ್ಲ. ಹಗುರವಾಗಿರುವುದು ದೋಷವಲ್ಲ, ಸುಳ್ಳಾಗಿರುವುದು ದೋಷ. ಕಚೇರಿಯನ್ನು ಕಾಣದ ಅಧಿಕಾರಿ, ಕೊಂಡವರಾರೆಂದು ತಿಳಿಯದ ಮೋಟಾರು ಕಾರು, ಹಸಿವನ್ನೇ ಅರಿಯದ ಬಡವ, ತನ್ನ ಮದುವೆಯ ವಿಷಯದಲ್ಲಿ ಬಾಯಿಲ್ಲದ ನಾಯಕಿ ಇವು ತುಂಬಿದ ಪುಸ್ತಕವು ನಗಿಸಲಿ, ಅಳಿಸಲಿ, ಓದುಗನಿಗೆ ವಂಚನೆಯನ್ನೇ ಮಾಡುತ್ತದೆ. ಇದೇ ಸುಳ್ಳು ಉಪದೇಶದ ಗ್ರಂಥದಲ್ಲಿದ್ದರೆ ನಮ್ಮ ಉಪಾಧ್ಯಾಯರು ಗುರುತಿಸುವರೇ ಎಂಬುದು ನಮ್ಮ ಸಂದೇಹ.

ಆದುದರಿಂದ ಪುಸ್ತಕಗಳನ್ನು ಆಯುವ ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಪ್ರಣಯವೆಂಬ ಹೆಸರು ಕಂಡೊಡನೆ ಗೀಟು ಎಳೆಯಬೇಡಿರಿ, ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿ ನೋಡಿರಿ. ಬರಿಯ ಗುರುಗಳನ್ನೇ ಸಾಲಾಗಿ ನಿಲ್ಲಿಸಿದರೆ ಪದ್ಯಕ್ಕೆ ನಡಿಗೆ ಬಾರದು. ನಡುನಡುವೆ ಲಘುವೂ ಬೇಕು. ಛಂದಸ್ಸನ್ನು ಬಲ್ಲ ನಮ್ಮ ನಿವೃತ್ತ ಉಪಾಧ್ಯಾಯರು ಇದನ್ನಾದರೂ ಒಪ್ಪುವರೆಂದು ನಂಬುತ್ತೇವೆ.