ಜಾಝ್ ತಟ್ಟೆಗಳ ಸಂಗ್ರಾಹಕರು

ಹ್ಯಾಂಕ್ ಮೋಬ್ಲಿ ಎಂಬ ಸ್ಯಾಕ್ಸೊಫೋನ್ ವಾದಕನ ಹೆಸರಿನಲ್ಲಿ ನ್ಯೂಯಾರ್ಕಿನ ಬ್ಲೂ ನೋಟ್ ಸಂಸ್ಥೆಯವರು 1957ರಲ್ಲಿ ಧ್ವನಿಮುದ್ರಿಸಿಕೊಂಡು ಹೊರತಂದ 1568ನೆಯ ಸಂಖ್ಯೆಯ ಎಲ್.ಪಿ. ತಟ್ಟೆಯೊಂದುಂಟು. ಅದರ ಆದಿಮುದ್ರಣದ ಕೆಲವು ಪ್ರತಿಗಳಲ್ಲಿ ನಡುವಣ ನೀಲಿ ಬಿಳಿ ಲೇಬಲ್ಲಿನ ಒಂದು ಮಗ್ಗುಲಿಗೆ ಸಂಸ್ಥೆಯ ವಿಳಾಸವು ಒಂದು ಬಗೆಯಾಗಿಯೂ, ಇನ್ನೊಂದು ಮಗ್ಗುಲಿಗೆ ಅದೇ ವಿಳಾಸವು ‘ನ್ಯೂಯಾರ್ಕ್ 23’ ಎಂಬ ಅಂಚೆ ವಲಯದ ಸಂಖ್ಯೆಯೊಡನೆಯೂ ಅಚ್ಚಾಗಿದೆ. ಕಾರ್ಖಾನೆಯಲ್ಲಿ ಹಳೆಯ ಲೇಬಲ್ಲುಗಳು ತೀರುತ್ತ ಬಂದಾಗ ಹೊಸವನ್ನು ಸೇರಿಸಿಕೊಂಡುದರಿಂದ ಆದ ಈ ಅಲ್ಪ ವ್ಯತ್ಯಾಸವನ್ನು ಗುರುತಿಸಬಲ್ಲವರು ಅಂಥ ಪ್ರತಿಯೊಂದಕ್ಕೆ ಸಾವಿರಾರು ಡಾಲರುಗಳನ್ನು ತೆರಲು ಸಿದ್ಧರಿರುತ್ತಾರೆ. ಮೊದಲ ಸಲ ಕೇಳಿದವರಿಗೆ ಇದೊಂದು ಹುಚ್ಚೆಂದು ತೋರುವುದು ಸಹಜ. ಆದರೆ ಈ ಸಂಗ್ರಹದ ಹಿಂದೆ ಒಂದು ಶಾಸ್ತ್ರವಿದೆ. ಆ ಶಾಸ್ತ್ರದ ಹಿಂದೆ, ಅದಕ್ಕಿಂತಲೂ ಗೌರವಾರ್ಹವಾದ ಒಂದು ಸಂಗೀತಪ್ರೇಮವಿದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೃತಿಯು ಸ್ವರಲಿಪಿಯಲ್ಲಿ ಉಳಿಯುತ್ತದೆ; ವಾದ್ಯವೃಂದವು ಅಳಿದರೂ ಲಿಪಿಯಿಂದ ಅದನ್ನು ಮತ್ತೆ ಎಬ್ಬಿಸಬಹುದು. ಜಾಝ್ ಸಂಗೀತದ ಗತಿಯೇ ಬೇರೆ. ನಮ್ಮ ಮನೋಧರ್ಮ ಸಂಗೀತದಂತೆ ಅದರ ಜೀವಾಳವಿರುವುದು ಆ ಕ್ಷಣದ ಕಲ್ಪನೆಯಲ್ಲಿ. ಬರೆದಿಟ್ಟ ನಾಲ್ಕು ಸಾಲಿನ ಹಾಡನ್ನು ಆಧಾರವಾಗಿ ಹಿಡಿದು ವಾದಕನು ಕಟ್ಟಿದ ಸ್ವರಸೌಧವು ಧ್ವನಿಮುದ್ರಣವೊಂದನ್ನು ಬಿಟ್ಟು ಮತ್ತೆಲ್ಲಿಯೂ ಸಮಗ್ರವಾಗಿ ಉಳಿದಿಲ್ಲ. ಆದುದರಿಂದ ನಮ್ಮ ಗ್ರಂಥಸಂಪಾದಕರಿಗೆ ಓಲೆಗರಿಯು ಹೇಗೋ ಜಾಝಿನ ಚರಿತ್ರಕಾರನಿಗೆ ತಟ್ಟೆಯು ಹಾಗೆ: ಅದರಲ್ಲಿ ಪಾಠವಿದೆ, ಪಾಠಾಂತರವಿದೆ, ಯಾವುದು ಮೂಲಕ್ಕೆ ಹತ್ತಿರದ್ದೆಂಬ ವಿಚಾರವಿದೆ.

ಈ ಸಂಗೀತಕ್ಕೆ ವಿಸ್ತಾರವನ್ನು ತಂದುಕೊಟ್ಟದ್ದು 1948ರ ಜೂನ್ ತಿಂಗಳಲ್ಲಿ ಕೊಲಂಬಿಯಾ ಸಂಸ್ಥೆಯವರು ಬಳಕೆಗೆ ತಂದ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯೊಂದು ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆ. ಅದಕ್ಕೆ ಮುಂಚಿನ 78 ಸುತ್ತಿನ ತಟ್ಟೆಯು, ನಮ್ಮ ದೇಶದ ಕಾಡುಗಳಿಂದಲೇ ಬಹುಪಾಲು ಹೋಗುತ್ತಿದ್ದ ಅರಗನ್ನು ಬೆರೆಸಿ ಮಾಡಿದ್ದು, ಕೈಜಾರಿದರೆ ಒಡೆಯುವಂಥದು. ಹತ್ತು ಇಂಚಿನ ಆ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಎಲ್.ಪಿ.ಯಾದರೋ ವಿನೈಲಿನದು, ಒಡೆಯದು. ಅದರ ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತವು ಹಿಡಿಯುತ್ತಿತ್ತು. ವಾದಕನಿಗೆ ಉಸಿರಾಡಲು ಅವಕಾಶವಾಯಿತು. ಗಾಯಕನಿಗೆ ಒಂದೇ ಭಾವದ ಹಲವು ಹಾಡುಗಳನ್ನು ಒಂದು ಮಾಲೆಯಾಗಿ ಪೋಣಿಸುವುದು ಸಾಧ್ಯವಾಯಿತು. ಸಂಗ್ರಾಹಕರು ಹುಡುಕಿಕೊಂಡು ಹೋಗುವ ತಟ್ಟೆಗಳಲ್ಲಿ ಬಹುಪಾಲು ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳವು.

ಆ ಇಪ್ಪತ್ತು ವರ್ಷಗಳಲ್ಲಿ ಬ್ಲೂ ನೋಟ್ ಸಂಸ್ಥೆಗೆ ಸಂಗ್ರಾಹಕರು ಕೊಡುವ ಸ್ಥಾನವು ಮತ್ತಾವುದಕ್ಕೂ ಸಲ್ಲದು. ಬರ್ಲಿನ್ ನಗರದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಅಮೆರಿಕದ ಕರಿಯರ ವಾದ್ಯಮೇಳವೊಂದನ್ನು ಕೇಳಿ ಮಾರುಹೋಗಿದ್ದ ಆಲ್ಫ್ರೆಡ್ ಲಯನ್ ಎಂಬಾತನು 1939ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಪಿಯಾನೊ ವಾದಕರನ್ನು ಕೂರಿಸಿಕೊಂಡು ಇದನ್ನು ಆರಂಭಿಸಿದನು. ಅದೇ ವರ್ಷದ ಕೊನೆಯಲ್ಲಿ, ನಾಟ್ಸಿ ಜರ್ಮನಿಯಿಂದ ಪಾರಾಗಿ ಬಂದ ಬಾಲ್ಯಸ್ನೇಹಿತ ಫ್ರಾನ್ಸಿಸ್ ವುಲ್ಫನು ಅವನನ್ನು ಸೇರಿಕೊಂಡನು. ಧ್ವನಿಮುದ್ರಣಕ್ಕೆ ಮುಂಚೆ ಅಭ್ಯಾಸಕ್ಕೆಂದು ವಾದಕರಿಗೆ ಪ್ರತ್ಯೇಕವಾಗಿ ಹಣ ಕೊಡುವ ಪದ್ಧತಿಯನ್ನು ಲಯನ್ ಇಟ್ಟುಕೊಂಡಿದ್ದನೆಂಬುದು ಆ ತಟ್ಟೆಗಳ ನಯಕ್ಕೆ ಒಂದು ಮುಖ್ಯ ಕಾರಣ. ಇನ್ನೊಂದು ಕಾರಣ ರೂಡಿ ವಾನ್ ಗೆಲ್ಡರ್. ಹಗಲು ಕಣ್ಣುಪರೀಕ್ಷೆಯ ವೃತ್ತಿಯಲ್ಲಿದ್ದ ಈತನು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್ ಎಂಬಲ್ಲಿ ತನ್ನ ತಂದೆತಾಯಿಗಳ ಮನೆಯ ಹಜಾರದಲ್ಲಿಯೇ ಮೈಕುಗಳನ್ನು ನಿಲ್ಲಿಸಿ ಮುದ್ರಿಸಿಕೊಂಡ ಸಂಗೀತವು ಇಂದಿಗೂ ತಂತ್ರಜ್ಞರ ಬೆರಗಿಗೆ ವಿಷಯವಾಗಿದೆ. 1959ರಲ್ಲಿ ಆತ ಎಂಗಲ್‌ವುಡ್ ಕ್ಲಿಫ್ಸ್ ಎಂಬಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಕೊಂಡನು. ಮುದ್ರಿಸಿಕೊಂಡ ಧ್ವನಿಯನ್ನು ಮೂಲ ತಟ್ಟೆಗೆ ಕೊರೆಯುವ ಕೆಲಸವನ್ನೂ ಪರರಿಗೆ ಬಿಡದೆ ತಾನೇ ಮಾಡಿ, ಕೊನೆಯ ಹಾಡು ಮುಗಿದು ಲೇಬಲ್ಲು ಆರಂಭವಾಗುವುದರ ನಡುವಿನ ಬರಿಯ ಪಟ್ಟಿಯಲ್ಲಿ ತನ್ನ ಹೆಸರಿನ ಮೂರು ಅಕ್ಷರಗಳನ್ನು ಮೂಡಿಸುತ್ತಿದ್ದನು.

ಸಂಗ್ರಾಹಕನು ಮೊದಲು ನೋಡುವುದು ಈ ಬರಿಯ ಪಟ್ಟಿಯನ್ನೇ. ಅಲ್ಲಿ ವಾನ್ ಗೆಲ್ಡರನ ಅಂಕಿತವಿರಬೇಕು. ಜೊತೆಗೆ ಕಿವಿಯ ಆಕಾರದಲ್ಲಿ ಕಾಣುವ ಒಂದು ಪುಟ್ಟ ಗುರುತಿರಬೇಕು. ಅದು ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಮೊದಲಕ್ಷರವಾದ ಇಂಗ್ಲಿಷಿನ ‘ಪಿ’. ಸಂಸ್ಥೆಯು ಲಿಬರ್ಟಿ ಎಂಬ ದೊಡ್ಡ ಕಂಪನಿಯ ವಶಕ್ಕೆ ಹೋಗಿ 1966ರಲ್ಲಿ ಕಾರ್ಖಾನೆ ಬದಲಾದಾಗ ಈ ಗುರುತೂ ಮಾಯವಾಯಿತು. ಲೇಬಲ್ಲಿನ ಮೇಲೆ ವೃತ್ತಾಕಾರವಾದ ಆಳದ ಒತ್ತುಗೆರೆಯಿದ್ದರೆ ತಟ್ಟೆಯು ಇನ್ನೂ ಹಳೆಯದು. ವಿಳಾಸವು ಲೆಕ್ಸಿಂಗ್ಟನ್ ಅವೆನ್ಯೂವಿನದಾದರೆ ಅದಕ್ಕಿಂತಲೂ ಹಳೆಯದು. ಒಂದು ಮೂಲ ಕೊರೆತದಿಂದ ಲೋಹದ ಅಚ್ಚುಗಳನ್ನು ತೆಗೆದು, ಆ ಅಚ್ಚುಗಳಿಂದ ತಟ್ಟೆಗಳನ್ನು ಒತ್ತಿದಂತೆಲ್ಲ ಅಚ್ಚು ಸವೆಯುತ್ತದೆ; ಮಾಲೀಕರು ಬದಲಾದಾಗ ಬೇರೊಬ್ಬ ತಂತ್ರಜ್ಞನು ಬೇರೊಂದು ಅಭಿರುಚಿಯಿಂದ ಅದೇ ಟೇಪಿನಿಂದ ಮತ್ತೆ ಕೊರೆಯುತ್ತಾನೆ. ಆದಿಮುದ್ರಣವನ್ನು ಅರಸುವುದಕ್ಕೆ ಆಧಾರವಿರುವುದು ಇಲ್ಲಿ, ಕೇವಲ ಅಪೂರ್ವತೆಯ ವ್ಯಾಮೋಹದಲ್ಲಲ್ಲ. ತಟ್ಟೆಯ ಹೊರಗಿನ ರಟ್ಟಿನ ಕವಚಕ್ಕೂ ಇಷ್ಟೇ ಬೆಲೆ. ವುಲ್ಫನು ತೆಗೆದ ಛಾಯಾಚಿತ್ರಗಳನ್ನು ಕತ್ತರಿಸಿ, ಒಂದೆರಡು ಬಣ್ಣಗಳಲ್ಲಿ ಅದ್ದಿ, ಅಕ್ಷರಗಳನ್ನು ನುಡಿಯುವಂತೆ ಜೋಡಿಸಿದ ರೀಡ್ ಮೈಲ್ಸನು, ತನ್ನ ಪಾಲಿಗೆ ಶಾಸ್ತ್ರೀಯ ಸಂಗೀತವನ್ನೇ ಇಷ್ಟಪಡುತ್ತಿದ್ದವನು, ಜಾಝಿಗೆ ಕಣ್ಣಿಗೆ ಕಾಣುವ ರೂಪವೊಂದನ್ನು ಕೊಟ್ಟನು.

ಟೀನಾ ಬ್ರೂಕ್ಸ್ ಎಂಬ ಟೆನರ್ ಸ್ಯಾಕ್ಸೊಫೋನ್ ವಾದಕನ ಕಥೆಯನ್ನು ಇಲ್ಲಿ ಹೇಳಲೇಬೇಕು. ಈತನ ನೇತೃತ್ವದಲ್ಲಿ ಬ್ಲೂ ನೋಟಿನವರು 1958ರಿಂದ 1961ರ ವರೆಗೆ ನಾಲ್ಕು ಎಲ್.ಪಿ.ಗಳಿಗಾಗುವಷ್ಟು ಸಂಗೀತವನ್ನು ಮುದ್ರಿಸಿಕೊಂಡರು. ಅವನು ಬದುಕಿರುವಾಗ ಹೊರಬಂದದ್ದು 1960ರ ‘ಟ್ರೂ ಬ್ಲೂ’ ಒಂದೇ. ಇನ್ನೊಂದಕ್ಕೆ ಸಂಖ್ಯೆಯನ್ನು ಕೊಟ್ಟು ಪ್ರಕಟಣೆಯನ್ನು ಸಾರಿಯೂ ಹೊರತರಲಿಲ್ಲ. ವ್ಯಸನದಿಂದಲೂ ರೋಗದಿಂದಲೂ ಕುಗ್ಗಿ, ವಾದನವನ್ನು ಬಿಟ್ಟು, 1974ರಲ್ಲಿ ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಆತ ತೀರಿಹೋದನು. ಅನಂತರ ಮೈಕೇಲ್ ಕಸ್ಕೂನಾ ಎಂಬ ಸಂಶೋಧಕನು ಉಗ್ರಾಣದ ಟೇಪುಗಳನ್ನು ಶೋಧಿಸಿ, 1985ರಲ್ಲಿ ಮೊಸೇಕ್ ಸಂಸ್ಥೆಯಿಂದ ಈ ನಾಲ್ಕನ್ನೂ ಒಟ್ಟಾಗಿ ಪ್ರಕಟಿಸಿದಾಗ, ಆ ವಾದನದ ಮಾರ್ದವವೂ ವಿಷಾದವೂ ಜಗತ್ತಿಗೆ ತಿಳಿದುಬಂದವು. ಅಷ್ಟು ವರ್ಷಗಳ ಕಾಲ ಟೀನಾ ಬ್ರೂಕ್ಸ್ ಎಂಬ ನಾಯಕನೊಬ್ಬನಿದ್ದನೆಂಬುದಕ್ಕೆ ಸಾಕ್ಷಿಯಾಗಿದ್ದದ್ದು ‘ಟ್ರೂ ಬ್ಲೂ’ವಿನ ಆ ಹಳೆಯ ಪ್ರತಿಗಳು ಮತ್ತು ಅವನ್ನು ಬಿಸಾಡದೆ ಉಳಿಸಿಕೊಂಡಿದ್ದ ಕೆಲವರು.

ಗಾಯಕರ ತಟ್ಟೆಗಳು ಇಷ್ಟು ದುರ್ಲಭವಲ್ಲ, ಏಕೆಂದರೆ ಅವು ಲಕ್ಷಗಟ್ಟಲೆ ಮಾರಾಟವಾದವು. ಹೊಸದಾಗಿ ಸಂಗ್ರಹಕ್ಕೆ ತೊಡಗುವವರು ಇಲ್ಲಿಂದಲೇ ಆರಂಭಿಸುವುದು ಲೇಸು. ನೆಲ್ಸನ್ ರಿಡಲನ ವಾದ್ಯಸಂಯೋಜನೆಯಲ್ಲಿ ಫ್ರಾಂಕ್ ಸಿನಾಟ್ರಾ 1955ರಲ್ಲಿ ಹದಿನಾರು ವಿರಹಗೀತೆಗಳನ್ನು ಹಾಡಿದ ‘ಇನ್ ದ ವೀ ಸ್ಮಾಲ್ ಅವರ್ಸ್’, ನಾರ್ಮನ್ ಗ್ರಾಂಜನು ಎಲ್ಲಾ ಫಿಟ್ಜೆರಾಲ್ಡಳಿಗಾಗಿಯೇ ವರ್ವ್ ಸಂಸ್ಥೆಯನ್ನು ಹುಟ್ಟುಹಾಕಿ 1956ರಲ್ಲಿ ಹೊರತಂದ ಕೋಲ್ ಪೋರ್ಟರನ ಗೀತಸಂಪುಟ, ಇವೆರಡೂ ಸಾಧಾರಣ ಬೆಲೆಗೆ ಇಂದಿಗೂ ದೊರೆಯುತ್ತವೆ. ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಬಿಲ್ಲಿ ಹಾಲಿಡೆ ತನ್ನ ಮರಣಕ್ಕೆ ಸುಮಾರು ಒಂದೂವರೆ ವರ್ಷ ಮುಂಚೆ, 1958ರಲ್ಲಿ, ಕೊಲಂಬಿಯಾಕ್ಕಾಗಿ ಹಾಡಿದ ‘ಲೇಡಿ ಇನ್ ಸ್ಯಾಟಿನ್’. ಕಂಠವು ಒಡೆದಿದೆ, ಶಾರೀರದ ಕಾಂತಿ ಆರಿದೆ. ಆದರೂ ಮಾತಿನ ಅರ್ಥವನ್ನು ಅಷ್ಟು ನಿಷ್ಠುರವಾದ ಸತ್ಯದಿಂದ ಹಾಡಿನೊಳಕ್ಕೆ ತಂದವರು ವಿರಳ. ಆ ಕಾಲದಲ್ಲಿ ಒಂದೇ ಸಂಗೀತವನ್ನು ಮಾನೊ ಮತ್ತು ಸ್ಟೀರಿಯೊ ಎಂದು ಎರಡು ಬೇರೆ ತಟ್ಟೆಗಳಾಗಿ ಮಾರುತ್ತಿದ್ದರು. ಈ ಸಂಪುಟದ ಮಾನೊ ತಟ್ಟೆಯಲ್ಲಿ ಹನ್ನೆರಡು ಹಾಡುಗಳಿವೆ, ಸ್ಟೀರಿಯೊದಲ್ಲಿ ಹನ್ನೊಂದೇ. ‘ದಿ ಎಂಡ್ ಆಫ್ ಎ ಲವ್ ಅಫೇರ್’ ಎಂಬ ಹಾಡಿಗೆ ಆಕೆಯ ಕಂಠವನ್ನು ಮಾನೊದಲ್ಲಿ ಮಾತ್ರ ಸೇರಿಸಲಾಗಿದ್ದುದೇ ಇದಕ್ಕೆ ಕಾರಣ. ಪಾಠಾಂತರವೆಂದು ಮೇಲೆ ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಲ್ಯಾಟಿನ್ ಸಂಗೀತದ ತಟ್ಟೆಗಳನ್ನು ಕೂಡಿಡುವವನ ಕಷ್ಟ ಬೇರೆ ಜಾತಿಯದು. ಕ್ಯೂಬಾದಿಂದ ವಲಸೆ ಬಂದ ಮಾರಿಯೊ ಬಾವುಸಾ ಮತ್ತು ಮಾಚಿತೊ ಇವರು ನ್ಯೂಯಾರ್ಕಿನಲ್ಲಿ ಆಫ್ರಿಕ ಮೂಲದ ತಾಳಗಳನ್ನು ಜಾಝ್ ವಾದ್ಯವೃಂದದೊಡನೆ ಬೆಸೆದರು; 1947ರ ಡಿಸೆಂಬರಿನಲ್ಲಿ ಜಾಝ್ ವಾದಕ ಡಿಜ್ಜಿ ಗಿಲೆಸ್ಪಿ, ಹವಾನಾದ ಚರ್ಮವಾದ್ಯಗಾರ ಚಾನೊ ಪೋಜೊನೊಡನೆ ‘ಮಾಂಟೇಕಾ’ವನ್ನು ಮುದ್ರಿಸಿದನು; ಮರುವರ್ಷ ಟಿಕೊ ಎಂಬ ಸಂಸ್ಥೆಯು ಈ ಸಂಗೀತಕ್ಕಾಗಿಯೇ ಹುಟ್ಟಿತು. ಟಿಟೊ ಪುವೆಂತೆಯ ತಿಂಬಾಲೆ ಎಂಬ ಚರ್ಮವಾದ್ಯದ ವಾದನಕ್ಕೆ ಪಲ್ಲೇಡಿಯಂ ನೃತ್ಯಮಂದಿರದಲ್ಲಿ ಕುಣಿದ ಜನರೇ ಮಾರನೆಯ ದಿನ ಅಂಗಡಿಗೆ ಹೋಗಿ ತಟ್ಟೆಯನ್ನು ಕೊಳ್ಳುತ್ತಿದ್ದರು. ಜಾಝ್ ತಟ್ಟೆಯನ್ನು ಕೊಂಡವನು ಕುರ್ಚಿಯಲ್ಲಿ ಕುಳಿತು ಕೇಳಿದನು. ಲ್ಯಾಟಿನ್ ತಟ್ಟೆಯನ್ನು ಕೊಂಡವನು ಮನೆತುಂಬ ನಂಟರಿಷ್ಟರನ್ನು ಕರೆದು, ಬೆಳಗಾಗುವ ತನಕ ಕುಣಿದು, ಆ ಕಾಲದ ಯಂತ್ರದ ಭಾರವಾದ ಮುಳ್ಳಿನ ಕೆಳಗೆ ಅದನ್ನು ನೂರಾರು ಸಲ ಓಡಿಸಿದನು. ಆದುದರಿಂದಲೇ ಟಿಕೊ, ಆಲೆಗ್ರೆ ಮುಂತಾದ ಸಂಸ್ಥೆಗಳ ತಟ್ಟೆಗಳಲ್ಲಿ ಗೀರಿಲ್ಲದ್ದು ಸಿಗುವುದು ಬಲು ಅಪರೂಪ. ಸವೆದ ತಟ್ಟೆಯನ್ನು ಹೀಗಳೆಯಬಾರದೆಂದು ನನ್ನ ಮತ. ಆ ಸಂಗೀತವು ಹುಟ್ಟಿದ್ದೇ ಆ ಬಳಕೆಗಾಗಿ.

ಹವಾನಾದಲ್ಲಿ 1944ರಲ್ಲಿ ರಾಮೊನ್ ಸಬಾತ್ ಸ್ಥಾಪಿಸಿದ ಪನಾರ್ಟ್ ಸಂಸ್ಥೆಯ ತಟ್ಟೆಗಳು ಇನ್ನೂ ವಿಶೇಷವಾದವು. ಅಲ್ಲಿ 1957ರಲ್ಲಿ ಡಬಲ್ ಬಾಸ್ ವಾದಕ ಕಚಾವೊ, ತನ್ನ ಸಂಗಡಿಗರು ರಾತ್ರಿಯೆಲ್ಲ ನೃತ್ಯಶಾಲೆಗಳಲ್ಲಿ ನುಡಿಸಿ ಕೆಲಸ ಮುಗಿಸಿದ ಮೇಲೆ, ನಸುಕಿನಲ್ಲಿ ಅವರನ್ನು ಕೂಡಿಸಿಕೊಂಡು, ಎರಡು ಮೂರು ನಿಮಿಷಗಳ ಪುಟ್ಟ ಪುಟ್ಟ ಮನೋಧರ್ಮ ವಾದನಗಳನ್ನು ಮುದ್ರಿಸಿಕೊಂಡನು. ಬ್ರೆಜಿಲಿನಲ್ಲಿ 1963ರಲ್ಲಿ ಆರಂಭವಾದ ಎಲೆಂಕೊ ಎಂಬ ಸಣ್ಣ ಸಂಸ್ಥೆಯಾದರೋ, ಬಣ್ಣಕ್ಕೆ ಹಣ ಸಾಲದೆ, ಕಪ್ಪು ಬಿಳಿ ಚಿತ್ರದ ಮೇಲೆ ಕೆಲವು ಕೆಂಪು ಚುಕ್ಕೆಗಳನ್ನಿಟ್ಟ ಸೆಜಾರ್ ವಿಲೆಲಾನ ಕವಚಗಳಿಂದ ಬೋಸಾ ನೋವಾ ಸಂಗೀತದ ಮಿತಭಾಷಿತ್ವಕ್ಕೆ ತಕ್ಕ ಒಡವೆಯನ್ನು ತೊಡಿಸಿತು.

ಕೊಳ್ಳುವವರಿಗೆ ಒಂದೆರಡು ಮಾತು. ಹೊಳೆಯುವ ತಟ್ಟೆಯೆಲ್ಲ ಒಳ್ಳೆಯದಲ್ಲ. ಕಣ್ಣಿಗೆ ಕಾಣದ ಸವಕಳಿಯು ಕಹಳೆಯ ಏರುಸ್ವರದಲ್ಲಿ ಕರಕರ ಎಂದು ತೋರಿಕೊಳ್ಳುವುದರಿಂದ, ಸಾಧ್ಯವಾದರೆ ಕೇಳಿಯೇ ಕೊಳ್ಳಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು, ಬಿಸಿಲಿನಿಂದಲೂ ತೇವದಿಂದಲೂ ದೂರವಿಡಬೇಕು. ಬೆಲೆಗೆ ಅಂಜುವವರು ಜಪಾನಿನ ಮರುಮುದ್ರಣಗಳನ್ನು ಕೊಳ್ಳಬಹುದು. ಅವು ನಿಶ್ಶಬ್ದವಾಗಿಯೂ ನಿರ್ದುಷ್ಟವಾಗಿಯೂ ಇರುತ್ತವೆ. ಕೇಳದೆ, ಬೆಲೆಯೇರುವುದನ್ನೇ ಕಾಯುತ್ತ ಪೆಟ್ಟಿಗೆಯಲ್ಲಿ ಬೀಗಹಾಕಿಡುವವನನ್ನು ನಾನು ಸಂಗ್ರಾಹಕನೆನ್ನಲಾರೆ.

ಆ ಹೆಸರಿಗೆ ಯೋಗ್ಯರಾದವರು ಬೇರೆಯೇ ಇದ್ದಾರೆ. ಚಾಸರನ ಕಾಲದ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಮಾರ್ಷಲ್ ಸ್ಟರ್ನ್ಸ್ ಎಂಬ ಪ್ರಾಧ್ಯಾಪಕನು ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೂಡಿಸಿದ್ದ ತಟ್ಟೆಗಳನ್ನೂ ಪತ್ರಿಕೆಗಳನ್ನೂ ಆಧಾರವಾಗಿಟ್ಟುಕೊಂಡು 1952ರಲ್ಲಿ ಜಾಝ್ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದನು. 1966ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಅದು ಇಂದು ನ್ಯೂಆರ್ಕ್ ನಗರದಲ್ಲಿ ಈ ಸಂಗೀತದ ಬಹು ದೊಡ್ಡ ಭಂಡಾರವಾಗಿದೆ. ಕ್ರಿಸ್ಟೊಬಾಲ್ ಡಿಯಾಜ್ ಅಯಾಲಾ ಎಂಬ ಕ್ಯೂಬಾದ ವಕೀಲನು 1960ರಲ್ಲಿ ಸ್ವದೇಶವನ್ನು ಬಿಡುವಾಗ ತನ್ನ ತಟ್ಟೆಗಳನ್ನೂ ಅಲ್ಲಿಯೇ ಬಿಟ್ಟು ಬರಬೇಕಾಯಿತು. ಪೋರ್ಟೊರಿಕೊದಲ್ಲಿ ನೆಲಸಿ, ಮೊದಲಿನಿಂದ ಮತ್ತೆ ಕೂಡಿಸುತ್ತ ಹೋಗಿ, ಕ್ಯೂಬಾದ ಸಂಗೀತದ ಚರಿತ್ರೆಯನ್ನೂ ಧ್ವನಿಮುದ್ರಿಕೆಗಳ ಸೂಚಿಯನ್ನೂ ಬರೆದು, ಕೊನೆಗೆ ಆ ಸಮಸ್ತವನ್ನೂ ಮಯಾಮಿಯ ಫ್ಲಾರಿಡಾ ಅಂತಾರಾಷ್ಟ್ರೀಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟನು. ಒಂದು ದೇಶದ ನಾದಸ್ಮೃತಿಯನ್ನು ದೇಶದ ಹೊರಗೆ ಕುಳಿತು ಕಾಪಾಡಿದ ಈ ಕಾರ್ಯವನ್ನು ತಪಸ್ಸೆಂದರೆ ಅತಿಶಯೋಕ್ತಿಯಾಗದು.

ಕನ್ನಡಿಗರಿಗೆ ಈ ಲೋಕದಲ್ಲಿ ಪಾಲೇ ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಚಾರ್ಲ್ಸ್ ಮಿಂಗಸನ ಮೇಳದಲ್ಲಿ ನುಡಿಸಿ ಹೆಸರಾಗಿದ್ದ, ನಮ್ಮ ನಾಗಸ್ವರವನ್ನೂ ಕಲಿತಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಎಲ್.ಪಿ.ಯನ್ನು ಮುದ್ರಿಸಿದನು, ಹೊರತಂದವರು ಮ್ಯೂನಿಕ್ ನಗರದ ಇ.ಸಿ.ಎಂ. ಸಂಸ್ಥೆಯವರು. ಅದರಲ್ಲಿ ಆರ್.ಎ. ರಮಾಮಣಿಯವರ ಗಾಯನವೂ ಟಿ.ಎ.ಎಸ್. ಮಣಿಯವರ ಮೃದಂಗವೂ ಸ್ಯಾಕ್ಸೊಫೋನಿನೊಡನೆ ಸರಿಸಮವಾಗಿ ಸಂವಾದ ನಡೆಸುತ್ತವೆ. ಸಂಗ್ರಾಹಕರು ಅದನ್ನು ಆದರದಿಂದ ಇಟ್ಟುಕೊಳ್ಳುತ್ತಾರೆ.

ಬೆಂಗಳೂರು, ಮೈಸೂರು, ಮಂಗಳೂರುಗಳ ಹಳೆಯ ಮನೆಗಳಲ್ಲಿ ತಂದೆಯೋ ತಾತನೋ ಕೊಂಡಿಟ್ಟ ಇಂಗ್ಲಿಷ್ ಪ್ಲೇಟುಗಳು ಅಟ್ಟದ ಮೇಲಿದ್ದರೆ, ಅವನ್ನು ತೂಕಕ್ಕೆ ಹಾಕುವ ಮುನ್ನ ಕವಚದಿಂದ ಹೊರಗೆ ತೆಗೆದು, ಲೇಬಲ್ಲನ್ನೂ ಅದರ ಸುತ್ತಣ ಬರಿಯ ಪಟ್ಟಿಯನ್ನೂ ಬೆಳಕಿನಲ್ಲಿ ಹಿಡಿದು ಓದಿರಿ. ನಿಮಗೆ ಬೇಡವಾದರೆ, ಅವನ್ನು ತಿರುಗಿಸಿ ಕೇಳುವ ಯಂತ್ರವನ್ನಿಟ್ಟುಕೊಂಡಿರುವವರೊಬ್ಬರನ್ನು ಹುಡುಕಿ ಅವರಿಗೆ ಕೊಡಿರಿ.